ಸಾವಿಗೆ ಮೊದಲೇ ಅಳು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಾಗಿಲು ತೆರೆದ ಸಂಕಲನಕಾರನಿಗೆ ಮೊದಲು ಕಂಡದ್ದು ಒಂದು ಪತ್ರಿಕೆ, ಆಮೇಲೆ ಅದನ್ನು ಹಿಡಿದುನಿಂತ ಧಾರಾವಾಹಿಯ ನಿರ್ದೇಶಕ. ಹದಿನೈದು ದಿನದ ಹಿಂದೆ "ಇನ್ನು ಮುಖ ತೋರಿಸಬೇಡ" ಎಂದು ಕೆಲಸದಿಂದ ಅಟ್ಟಿದವನು, ಈಗ ತಾನಾಗಿಯೇ ಕುರ್ಚಿ ಎಳೆದುಕೊಂಡು ಕೂತ.

ತಪ್ಪು ನಡೆದದ್ದು ನಿಜ. ಸಂಕಲನಕಾರ ಆರನೆಯ ಕಂತನ್ನು ಮೂರನೆಯದೆಂದು ಕಳಿಸಿಬಿಟ್ಟಿದ್ದ. ಅದು ಹಾಗೇ ಪ್ರಸಾರವಾಗಿತ್ತು. ಎರಡನೆಯ ಕಂತಿನಲ್ಲಿ ಊಟಕ್ಕೆ ಕೂತ ಗಂಡ ಕೈ ತೊಳೆಯುವ ಮೊದಲೇ ಹೆಂಡತಿ ಅವನ ಸಾವಿಗೆ ಎದೆ ಬಡಿದುಕೊಂಡು ಅತ್ತಿದ್ದಳು.

"ಓದಿಲ್ಲಿ," ನಿರ್ದೇಶಕ ಪತ್ರಿಕೆ ಚಾಚಿದ. "ಸಾವಿಗೆ ಮೊದಲೇ ದುಃಖ ತೋರಿಸೋ ಧೈರ್ಯವಂತೆ! ಇಷ್ಟು ಸಂಕೀರ್ಣವಾದ ಕತೆ ಟೀವಿಲೇ ಬಂದಿಲ್ವಂತೆ. ಉತ್ತಮ ಗುಣಮಟ್ಟವಂತೆ!"

"ನೆಟ್ಟಗಿದ್ದಾಗ ಏನಂದಿದ್ರು ಸಾರ್?"

"ನೆಟ್ಟಗಿದ್ದಾಗ ಯಾರು ಮೂಸಿ ನೋಡಿದ್ರು?"

ನೀರು ತಂದಿಟ್ಟ ಸಂಕಲನಕಾರನ ಹೆಂಡತಿ ಸುಮ್ಮನಿರಲಿಲ್ಲ. "ನಮ್ಮತ್ತೆ ಇದ್ದಿದ್ರೆ, ಸಾಯೋಕೆ ಮುಂಚೆ ಯಾಕ್ರೋ ಅಳಿಸಿದ್ರಿ ಅವಳನ್ನ, ಅಂತ ನಿಮ್ಮಿಬ್ರ ಕಿವಿನೂ ಹಿಂಡ್ತಿದ್ರು."

"ಅಲ್ಲಮ್ಮಾ, ಈಗಿನೋರಿಗೆ ತಲೆ ಕೆರ್ಕೊಳ್ಳೋ ಹಾಗಿದ್ರೇನೇ ಕತೆ," ಎಂದು ನಕ್ಕ ನಿರ್ದೇಶಕ ಸಂಕಲನಕಾರನತ್ತ ಬಾಗಿದ. "ನಾಳೆಯಿಂದ ಬಾ. ಮುಂದಿನ ಕಂತುಗಳನ್ನೂ ಹಾಗೇ ಜೋಡಿಸು. ನಾನೇ ಎರಡು ದಿನ ಕೂತು ನೋಡಿದೆ, ಕೈಗೆ ಹತ್ತಲಿಲ್ಲ. ಅವತ್ತು ಹೇಗೆ ಮಾಡಿದ್ಯೋ, ಥೇಟ್ ಹಾಗೇ ಮಾಡು. ತಪ್ಪು ಅನ್ನೋ ಮಾತು ಮಾತ್ರ ಯಾರ ಹತ್ರಾನೂ ಎತ್ತಬೇಡ."

ಕೆಲಸವಿಲ್ಲದ ಮನೆ. ಹೆಂಡತಿ ಗಂಡನ ಬಾಯಿಯನ್ನೇ ನೋಡುತ್ತ ನಿಂತಳು.

ಕಂತು ತಪ್ಪಿದ ಆ ದಿನ ಸಂಕಲನಕಾರನ ಕಣ್ಣಿಗೆ ಕಟ್ಟಿತು. ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚದೆ ಕೂತು, ನಾಲ್ಕನೆಯ ದಿನ ತಾಯಿಯನ್ನು ಮಣ್ಣು ಮಾಡಿ, ಅಲ್ಲಿಂದ ನೇರ ಸಂಕಲನದ ಕೋಣೆಗೆ ಹೋಗಿದ್ದ. ರಜೆ ಕೇಳಿದ್ದಕ್ಕೆ "ಮೊದಲು ಕಂತು ಕಳಿಸು, ಆಮೇಲೆ ಅಳುವಿಯಂತೆ" ಎಂದವನು ಇವನೇ.

"ಥೇಟ್ ಹಾಗೇ ಮಾಡೋಕೆ," ಅವನು ಮೆಲ್ಲಗೆ ಹೇಳಿದ, "ನನಗೆ ಇನ್ನೊಬ್ಬ ತಾಯಿ ಇಲ್ಲ ಸಾರ್."

ನಿರ್ದೇಶಕ ಎದ್ದು, ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದ. ಯಾವ ಯೋಚನೆಯಲ್ಲಿ ಹೊತ್ತುತಂದಿದ್ದನೋ, ದೇವರೇ ಬಲ್ಲ. ಅಟ್ಟುವ ದಿನ ಎಲ್ಲರೆದುರು ಬರೆಸಿಕೊಂಡಿದ್ದ ತಪ್ಪೊಪ್ಪಿಗೆ ಅದು: "ನನ್ನ ಅಜಾಗರೂಕತೆಯಿಂದ ಕತೆ ಕೆಟ್ಟಿತು."

ಅದನ್ನು ಬರೆದವನ ಕೈಗೇ ಮರಳಿಸಿದ.