ಎಡಗೈ ಇಲಿಗಳು

ಕಂಪ್ಯೂಟರ್ ಪರದೆಯ ಮೇಲೆ ಇಲಿಯೊಂದು ಗಾಜಿನ ಸೀಳಿನಿಂದ ಕೈ ಚಾಚಿ, ಸಕ್ಕರೆ ಗುಳಿಗೆಯನ್ನು ಬೆರಳಲ್ಲಿ ಹಿಡಿದು ಬಾಯಿಗಿಟ್ಟುಕೊಂಡಿತು.

“ನೋಡಿ ಪಾಕ್ ವಗಿಮನ್, ತಿನ್ನೋ ಕೈ ಬಿದ್ದುಹೋಗ್ಲಿ ಅಂತ ಮಿದುಳು ಕೊಯ್ದು ಆರು ವಾರ ಆಯ್ತು. ಎಂಟರಲ್ಲಿ ನಾಲ್ಕು ಇಲಿ ವಾಸಿಯಾಗಿವೆ. ಔಷಧಿ ಕೆಲ್ಸ ಮಾಡ್ತಿದೆ” ಎಂದರು ಡಾಕ್ಟರ್ ಪಾಲುಪಿ. ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಬು’ ಎಂದು ಗೌರವದಿಂದ ಕರೆಯುವುದು ನಮ್ಮಲ್ಲಿ ವಾಡಿಕೆ.

ಎರಡು ತಿಂಗಳ ರಜೆ ಮುಗಿಸಿ ನಾನು ಜೋಗ್ಯ ನಗರದ ಆ ಪ್ರಯೋಗಾಲಯಕ್ಕೆ ಮರಳಿದ್ದು ಅಂದೇ. ಹೆಂಡತಿ ಸುಮಿನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಇಲಿಗಳಾದ ಮೇಲೆ ಔಷಧಿ ಮನುಷ್ಯರಿಗೆ, ಪಟ್ಟಿಯಲ್ಲಿ ಮೊದಲ ಹೆಸರು ಸುಮಿನಿಯದೇ ಎಂದು ಪಾಲುಪಿ ಮಾತು ಕೊಟ್ಟಿದ್ದರು. ಅದನ್ನು ಕೇಳಿದ ದಿನ ಅವಳು ನಕ್ಕ ನಗು ಏಳು ಬೀದಿಗೆ ಕೇಳಿಸಿತ್ತು.

ನಾನು ಕುಣಿಯಬೇಕಿತ್ತು. ಆದರೆ ಮೂವತ್ತು ವರ್ಷದಲ್ಲಿ ಲಕ್ಷ ಇಲಿಗಳನ್ನು ಪಳಗಿಸಿದ ಕೈ ಇದು. ಇಲಿಗಳ ಬಗ್ಗೆ ನನಗೆ ಗೊತ್ತಿರುವಷ್ಟು ಇಲಿಗಳಿಗೇ ಗೊತ್ತಿಲ್ಲ. ಬಾಲದ ತುದಿ ತೋರಿಸಿದರೆ ಮುತ್ತಜ್ಜಿಯ ಹೆಸರು ಹೇಳಿಬಿಡುತ್ತೇನೆ.

“ಬು, ಇದು ಎಡಗೈಲಿ ತಿಂತಿದೆ” ಎಂದೆ. “ಮಿಕ್ಕ ಮೂರನ್ನೂ ತೋರಿಸಿ.”

ತೋರಿಸಿದರು. ಮೂರೂ ಎಡಗೈ.

“ಇವು ಹುಟ್ಟಾ ಎಡಚ. ರಜೆಗೆ ಹೋಗೋ ಮೊದ್ಲೇ ಗುರುತಿಗೆ ಅಂತ ಪಂಜರದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದಿದ್ನಲ್ಲ?”

“ಗಲೀಜಾಗಿತ್ತು. ಒರೆಸಿಬಿಟ್ಟೆ.”

“ಕೊಯ್ದಿದ್ದು ಯಾವ ಕಡೆ?”

“ಎಲ್ಲದಕ್ಕೂ ಎಡಗಡೆ” ಎನ್ನುವಾಗ ಅವರ ದನಿ ಸಣ್ಣಗಾಯಿತು.

ಮಿದುಳಿನ ಎಡ ಹೊರಪದರದಿಂದ ಹೊರಟ ನರಗಳ ಹಾದಿ ಕುತ್ತಿಗೆಯ ಹತ್ತಿರ ಪಕ್ಕ ಬದಲಿಸಿ ಬಲಗೈಗೆ ಹೋಗುತ್ತದೆ. ಈ ಪಾಠವನ್ನು ನನಗೆ ಹೇಳಿಕೊಟ್ಟವರು ಇದೇ ಪಾಲುಪಿ. ಎಡಗಡೆ ಕೊಯ್ದರೆ ಎಡಚ ಇಲಿಯ ತಿನ್ನುವ ಕೈಗೆ ಏನಾಗಬೇಕು? ಆ ನಾಲ್ಕಕ್ಕೆ ಏನೂ ಆಗಿರಲೇ ಇಲ್ಲ, ವಾಸಿಯಾಗುವುದಕ್ಕೆ. ಬಲಗೈಯ ನಾಲ್ಕು ಇವತ್ತಿಗೂ ಗುಳಿಗೆಯನ್ನು ತಡವಿ ತಡವಿ ಬೀಳಿಸುತ್ತಿದ್ದವು.

ಪ್ರಯೋಗದ ದಾಖಲೆ ಪುಸ್ತಕವನ್ನು ಅವರ ಕೈಯಿಂದ ಕಿತ್ತುಕೊಂಡು ನೋಡಿದೆ. ‘ಯಾವ ಕೈ’ ಎಂಬಲ್ಲಿ ಅವರದೇ ದುಂಡು ಅಕ್ಷರ, ಎಂಟು ಸಲ: ಬಲ.

“ತಿನ್ನೋದು... ಬಲಗೈಲಿ ಅಲ್ವಾ” ಎಂದರು.

ಮೆರಾಪಿ ಬೆಟ್ಟದ ಬೆಂಕಿಯೆಲ್ಲ ನನ್ನ ನೆತ್ತಿಗೇರಿತು. “ಎಡಗೈ ನೀಡಿದ್ರೆ ನಮ್ಮಮ್ಮ ಸೌಟಲ್ಲಿ ಬಾರಿಸ್ತಿದ್ಲು. ನಿಮ್ಮಮ್ಮನೂ ಬಾರಿಸಿರ್ತಾರೆ. ಇಲಿಗೆ ಯಾವ ಅಮ್ಮ ಬಾರಿಸ್ತಾಳೆ? ಅಷ್ಟು ದೊಡ್ಡ ಓದು ಓದಿ, ಒಂದ್ಸಲ ಪಂಜರದೊಳಗೆ ಇಣುಕಿ ನೋಡೋಕಾಗ್ಲಿಲ್ವಾ?”

ಅವರು ಎದ್ದು ಬಾಗಿಲು ಮುಚ್ಚಿದರು. “ಮೆಲ್ಲಗೆ ಮಾತಾಡಿ ಪಾಕ್. ಗೀಟು ಹೇಗೂ ಅಳಿಸಿಹೋಗಿದೆ. ಸದ್ಯಕ್ಕೆ ಯಾರಿಗೂ ಹೇಳ್ಬೇಡಿ. ಸುಮಿನಿ ಹೆಸರೂ ಪಟ್ಟಿಲಿದೆ, ಯೋಚ್ನೆ ಮಾಡಿ. ಅವ್ರ ಆಸೆ ಯಾಕೆ ಕೆಡಿಸ್ತೀರಿ?”

ನಾನು ಸೀಮೆಸುಣ್ಣ ತೆಗೆದುಕೊಂಡು ನಾಲ್ಕೂ ಪಂಜರಗಳ ಮೇಲೆ ಮತ್ತೆ ಗೀಟು ಎಳೆದೆ, ಮೊದಲಿನದಕ್ಕಿಂತ ಹತ್ತು ಪಟ್ಟು ದಪ್ಪಗೆ.

“ಆಸೆ ಹುಟ್ಟಿಸಿದೋರು ನೀವು. ನೀವೇ ಬಂದು ಹೇಳಿ ಅವ್ಳಿಗೆ” ಎಂದೆ. “ಊಟದ ಹೊತ್ತಿಗೆ ಬನ್ನಿ. ಆದ್ರೆ ಬಾಗಿಲಲ್ಲೇ ನಿಂತು ಕೆಮ್ಮಿ. ಎಡಗೈಲಿ ತಿನ್ನೋದು ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ಗೋಡೆಗೆ ಮುಖ ಮಾಡಿ ಕೂತಿರ್ತಾಳೆ.”