ಕಾಲು ಚಾಚಿ ಮಲಗಲಿ

ಕುಣಿ ಆಗಲೇ ಸಿದ್ಧವಾಗಿತ್ತು...

ಅವರದೇ ಹೊಲದ ಬದುವಿನಲ್ಲಿ ಅಗೆದ ಚೌಕದ ಕುಣಿ. ಆಳ ಹೆಚ್ಚು, ಉದ್ದ ಕಡಿಮೆ. ಆ ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ.

ಆದರೆ ಸೇನೆಯ ಲಾರಿಯಲ್ಲಿ ಬಂದದ್ದು ಉದ್ದನೆಯ ಪೆಟ್ಟಿಗೆ. ಬಾವುಟ ಹೊದ್ದ, ಮೊಳೆ ಬಡಿದು ಮುಚ್ಚಿದ ಪೆಟ್ಟಿಗೆ.

ಅದು ಆ ಕುಣಿಯಲ್ಲಿ ಹಿಡಿಸುವಂತಿರಲಿಲ್ಲ.

ಒಳಗಿದ್ದವನು ಶಿವಪುತ್ರ. ಗಡಿಯ ಯುದ್ಧದಲ್ಲಿ ಶೆಲ್ ಬಿದ್ದು ತೀರಿಹೋದ ಹುಡುಗ. ಮನೆಯಲ್ಲಿ ಇನ್ನೂ ಹೆಣ್ಣು ನೋಡುತ್ತಿದ್ದರು...

ತಾಯಿ ನೀಲವ್ವ ಬೆಳಗಿನಿಂದ ಒಂದು ಕಡೆ ನಿಂತಿಲ್ಲ, ಕೂತಿಲ್ಲ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ... ಕೈಯಲ್ಲಿ ವಿಭೂತಿಯ ಗಟ್ಟಿ. ಅತ್ತೂ ಇಲ್ಲ.

"ಪೆಟಿಗಿ ತಗೀರಿ. ನನ್ನ ಮಗನ್ನ ಕೂಡಸಬೇಕು."

ಪೆಟ್ಟಿಗೆಯ ಜೊತೆ ಬಂದಿದ್ದ ದಸ್ತಗೀರ ತಲೆ ತಗ್ಗಿಸಿದ. ಗದಗ ಕಡೆಯವನು, ಶಿವಪುತ್ರನ ಜೊತೆಯಲ್ಲೇ ಇದ್ದ ಸೈನಿಕ.

"ತಗಿಯಾಕ ಬರಂಗಿಲ್ರೀ ಅವ್ವಾರ... ಆರ್ಡರ್ ಐತಿ."

"ಯಾರ ಆರ್ಡರೋ? ಹಡದಾಕಿ ನಾನು!"

ಸುತ್ತ ಜನ. ಮೇಲೆ ಬಿಸಿಲು. ಎತ್ತಿ ಹಿಡಿದ ಮೊಬೈಲುಗಳು, ನಿಲ್ಲದ ಜೈಕಾರ.

"ಸುತ್ತಿಗಿ ತರ್ರೋ!" ಯಾರೋ ತರುಣ ಕೂಗಿದ. "ನಮ್ಮ ಹುಡುಗ, ನಮ್ಮ ಪದ್ಧತಿ!"

ಗುಂಪು ಪೆಟ್ಟಿಗೆಯತ್ತ ನುಗ್ಗಿತು. ಪೊಲೀಸರು ಅಡ್ಡ ಬಂದರು. ಒಬ್ಬನ ಅಂಗಿ ಹರಿಯಿತು...

ವಿಧಿ ಮಾಡಿಸಲು ಬಂದಿದ್ದ ಗುರುಪಾದಯ್ಯನವರೂ ಚಡಪಡಿಸುತ್ತಿದ್ದರು. "ಕೂಡಸದ ಹಂಗ ಇಟ್ರ ನಾಳೆ ನಿನಗ ಸಮಾಧಾನ ಆಗೂದಿಲ್ಲವ್ವಾ..."

ನೀಲವ್ವ ಎಲ್ಲರನ್ನೂ ಸರಿಸಿ ದಸ್ತಗೀರನ ಮುಂದೆ ಬಂದಳು. ದನಿ ತಗ್ಗಿತ್ತು.

"ಖರೇ ಹೇಳಪಾ... ನನ್ನ ಮಗಾ ಕೂಡಸಾಕ ಬರೂವಂಗ ಅದಾನೋ, ಇಲ್ಲೋ?"

ದಸ್ತಗೀರನ ಕೈ ಪೆಟ್ಟಿಗೆಯ ಮುಚ್ಚಳವನ್ನು ಒತ್ತಿ ಹಿಡಿಯಿತು.

ಅವಳ ಮುಷ್ಟಿಯಲ್ಲಿ ವಿಭೂತಿಯ ಗಟ್ಟಿ ಪುಡಿಯಾಯಿತು...

ದಸ್ತಗೀರ ಅವಳ ಹತ್ತಿರ ಸರಿದ.

"ಅವ್ವಾರ... ನಮ್ಮ ಬಂಕರಿನ್ಯಾಗ ಕಾಲು ಚಾಚಾಕ ಜಾಗಾ ಇರಲಿಲ್ರೀ. ಮೊಣಕಾಲು ಎದೀಗೆ ಹಚಗೊಂಡು ಕೂತ ನಿದ್ದಿ ಮಾಡೂದು. ಇವ ಬ್ಯಾರೆ ಎತ್ತರದಾಂವ... ದಿನಾ ಅದ ಮಾತು. 'ಊರಿಗೆ ಹೋಗಿ ನಮ್ಮವ್ವನ ಪಡಸಾಲ್ಯಾಗ ಕಾಲು ಚಾಚಿ ಮಕ್ಕೋತೀನಲೇ, ಯಾರ ಎಬ್ಬಿಸಿದ್ರೂ ಏಳಂಗಿಲ್ಲ...'"

ನೀಲವ್ವ ಅವನನ್ನೇ ನೋಡಿದಳು. ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

"ಹೌದಪಾ... ಪಡಸಾಲಿ ತುಂಬ ಅವನ ಕಾಲ. 'ಏ ಒಂಟೆ, ಕಾಲು ತಗಿಯೋ' ಅಂತ ಬೈಕೋತ ದಾಟತಿದ್ದೆ..."

ಮಾತು ಮುಗಿಯಲಿಲ್ಲ. ಬದುವಿನ ಮೇಲೆ ಬಿದ್ದಿದ್ದ ಗುದ್ದಲಿ ಎತ್ತಿಕೊಂಡಳು. ಕುಣಿಗಿಳಿದಳು.

"ಯವ್ವಾ, ಏನ್ ಮಾಡ್ತಿ?" ಗುರುಪಾದಯ್ಯ ಗಾಬರಿಯಾದರು.

"ಕುಣಿ ಸಣ್ಣದಾಗೇತ್ರೀ ಅಯ್ನೋರ. ಕೂತು ಕೂತು ಸಾಕಾಗೈತಿ ಅವಗ... ಕಾಲು ಚಾಚಲಿ."

ಗುದ್ದಲಿ ಮಣ್ಣಿಗೆ ಬಿತ್ತು. ಮತ್ತೆ ಬಿತ್ತು. ಅಂದು ಮೊದಲ ಸಲ ಅವಳು ಅತ್ತಳು... ಅಗೆಯುತ್ತಲೇ ಅತ್ತಳು.

ಟೋಪಿ ತೆಗೆದಿಟ್ಟು ದಸ್ತಗೀರ ಕುಣಿಗಿಳಿದ. ಗುರುಪಾದಯ್ಯ ಧೋತರ ಮೇಲೆ ಕಟ್ಟಿ ಮಣ್ಣಿನ ಬುಟ್ಟಿ ಹಿಡಿದರು. ಸುತ್ತಿಗೆ ತರಲು ಕೂಗಿದ್ದ ತರುಣ ಮೊಬೈಲು ಜೇಬಿಗಿಟ್ಟು, ಯಾರದೋ ಹೊಲದಿಂದ ಸಲಿಕೆ ತಂದ.

ಕುಣಿ ಉದ್ದವಾಯಿತು...

ಬಾವುಟ ತೆಗೆದು ಪೆಟ್ಟಿಗೆಯನ್ನು ಕೆಳಗಿಳಿಸಿದರು. ನೀಲವ್ವ ಅಂಗೈಗೆ ಮೆತ್ತಿ ಉಳಿದಿದ್ದ ವಿಭೂತಿಯನ್ನು ಅದರ ಮೇಲೆ ಸವರಿದಳು... ತಲೆಯ ಕಡೆಯಿಂದ ಕಾಲಿನ ಕಡೆಯವರೆಗೂ.

ಹಿಂದಿನಿಂದ ಮತ್ತೆ ಜೈಕಾರ ಎದ್ದಿತು.

ಅವಳು ತಿರುಗಿ ಕೈ ಎತ್ತಿದಳು.

"ಚೀರಬ್ಯಾಡ್ರೋ ಯಪ್ಪಾ... ಈಗರ ಮಕ್ಕೊಂಡಾನ."

ಇಡೀ ಹೊಲ ಸುಮ್ಮನಾಯಿತು.

*

ಜೈಕಾರ ಕೂಗಿದವರು ಸಂಜೆಗೆ ಮನೆಗೆ ಹೋಗುತ್ತಾರೆ... ಗುದ್ದಲಿಗೆ ಕೈ ಕೊಟ್ಟವರೇ ಆ ತಾಯಿಯ ಪಾಲಿಗೆ ಉಳಿಯುತ್ತಾರೆ.

ನಿಮ್ಮೂರಿನಲ್ಲೂ ಇಂಥದೊಂದು ಮನೆ ಇರಬಹುದು... ಮೊಬೈಲು ಜೇಬಿನಲ್ಲಿಟ್ಟು, ಆ ಪಡಸಾಲೆಯಲ್ಲಿ ನೀವು ಒಮ್ಮೆಯಾದರೂ ಹೋಗಿ ಕೂತಿದ್ದೀರಾ?