ಇದ್ದಿಲು ಬಸ್ಸು ನಿಂತ ಜಾಗ

ಪೆಟ್ರೋಲು ಸಿಗದ ಯುದ್ಧದ ಕಾಲ. ಶ್ರೀನಿವಾಸಪುರದಿಂದ ಹೊರಟ ಇದ್ದಿಲು ಬಸ್ಸು ಹೋಳೂರಿನ ಹತ್ತಿರ ಕೆಮ್ಮಿ ಕೆಮ್ಮಿ ನಿಂತಿತು. ಇದ್ದಿಲು ಮಾರುವ ಬಚ್ಚಮ್ಮನ ಗುಡಿಸಲು ಅಲ್ಲೇ ಇತ್ತು.

“ಇಳೀರಿ, ಬಸ್ಸಿನ ಹಿಂದಿನ ಒಲೆಗೆ ಇದ್ದಿಲು ತುಂಬಬೇಕು,” ಎಂದ ಡ್ರೈವರು.

ಶಾಮಲಮ್ಮ ಬಸುರಿ ಸೊಸೆ ಆದಿಲಕ್ಷ್ಮಿಯ ರಟ್ಟೆ ಹಿಡಿದು ಇಳಿಸಿದಳು. ತಿಂಗಳಿಂದ ಹುಡುಗಿಯ ಹೊಟ್ಟೆಯಲ್ಲಿ ಒಂದಗುಳೂ ನಿಂತಿರಲಿಲ್ಲ. ಕೋಲಾರದ ಡಾಕ್ಟರಿಗೆ ತೋರಿಸಲು ಹೊರಟಿದ್ದರು. ಅಕ್ಕಿ ಕಣ್ಣಿಗೂ ಬೀಳದ ಆ ದಿನಗಳಲ್ಲಿ ಶಾಮಲಮ್ಮ ಕಂಡವರ ಕೈಕಾಲು ಹಿಡಿದು, ಸೊಸೆಗೆಂದೇ ಸಣ್ಣಕ್ಕಿ ತರಿಸಿದ್ದಳು. ಸೊಸೆ ಪಾಪ, ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದಳು, ಆಮೇಲೆ ಹಿತ್ತಲಿಗೆ ಓಡುತ್ತಿದ್ದಳು. ಶಾಮಲಮ್ಮನಿಗೆ ಅಳು ಬರುತ್ತಿತ್ತು. ಸೊಸೆಗಾಗಿಯೋ ಅಕ್ಕಿಗಾಗಿಯೋ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗುಡಿಸಲಲ್ಲಿ ಬಚ್ಚಮ್ಮ ತನಗೆಂದು ರಾಗಿಮುದ್ದೆ ಕಟ್ಟಿ, ಅಣ್ಣೆ ಸೊಪ್ಪಿನ ಬಸ್ಸಾರು ಇಳಿಸುತ್ತಿದ್ದಳು. ಆದಿಲಕ್ಷ್ಮಿ ಅತ್ತೆಯ ಕೈ ಬಿಡಿಸಿಕೊಂಡು ಒಳಗೆ ಹೋಗಿ ಕೂತೇಬಿಟ್ಟಳು.

“ನಂಗೊಂದು ತುತ್ತು ಕೊಡ್ತೀಯಾ ಅಕ್ಕ?”

“ತಿನು ತಲ್ಲೀ, ತಿನ್ನಮ್ಮ,” ಎಂದು ಬಚ್ಚಮ್ಮ ಇಡೀ ಮುದ್ದೆಯನ್ನೇ ಎಲೆಗೆ ಹಾಕಿ, ತನಗಾಗಿ ಮತ್ತೆ ಎಸರಿಟ್ಟಳು.

“ಬೇಡ ಕಣೇ, ಬಸ್ಸಲ್ಲಿ ಕಕ್ಕೊಂಡ್ರೆ ಏನ್ಮಾಡ್ಲಿ?” ಎಂದು ಶಾಮಲಮ್ಮ ಹೇಳುವಷ್ಟರಲ್ಲಿ ಅರ್ಧ ಮುದ್ದೆ ಒಳಗೆ ಇಳಿದಿತ್ತು.

ಬಸ್ಸು ತಯಾರಾಯಿತು. ಯಾರೂ ಹತ್ತಲಿಲ್ಲ. ಡ್ರೈವರೂ ಸೇರಿ ಎಲ್ಲರೂ ಹುಡುಗಿಯ ಮುಖವನ್ನೇ ನೋಡುತ್ತಾ ನಿಂತರು. ಆದಿಲಕ್ಷ್ಮಿ ಮುದ್ದೆ ಮುಗಿಸಿ, ಒಂದು ತೇಗು ತೇಗಿ, ಬೆರಳು ನೆಕ್ಕಿದಳು. “ಇನ್ನರ್ಧ ಸಿಗುತ್ತಾ ಅಕ್ಕ?”

ಶಾಮಲಮ್ಮನಿಗೆ ಹೋದ ಜೀವ ಬಂದಂತಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗದರಿದಳು.

“ಬಾಯಿಬಿಟ್ಟು ಹೇಳಕ್ಕೇನಾಗಿತ್ತೇ ನಿಂಗೆ?”

“ಅಷ್ಟು ಕಷ್ಟಪಟ್ಟು ಅಕ್ಕಿ ತಂದಿದ್ರಿ, ಹೆಂಗೆ ಹೇಳ್ಲಿ ಅತ್ತೆ? ನೀವು ಅಡುಗೆಮನೆ ಬಾಗಿಲು ಹಾಕ್ಕೊಂಡು ದಿನಾ ಮುದ್ದೆ ಉಣ್ತಿದ್ರಲ್ಲ, ಆ ವಾಸ್ನೆಗೇ ಬಾಯಲ್ಲಿ ನೀರು ಬರ್ತಿತ್ತು.”

ಅತ್ತೆ ರಾಗಿ ಉಣ್ಣುವುದು ಕಂಡರೆ ಸೊಸೆ ಅನ್ನ ಮುಟ್ಟುವುದಿಲ್ಲವೆಂದು ಹಾಕಿದ್ದ ಬಾಗಿಲು ಅದು.

“ನೀನು ಹೊರಡಪ್ಪ,” ಎಂದಳು ಶಾಮಲಮ್ಮ ಡ್ರೈವರಿಗೆ. “ವಾಪಸ್ ಬರ್ತಾ ನಿಲ್ಸು, ಊರಿಗೇ ಹೋಗ್ತೀವಿ.”

ಬಚ್ಚಮ್ಮ ಬಿಸಿ ಮುದ್ದೆ ತಂದು ಎಲೆಗೆ ಹಾಕಿದಳು. ಶಾಮಲಮ್ಮ ಸೊಸೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಅದೇ ಎಲೆಯಿಂದ ಒಂದು ತುತ್ತು ಮುರಿದುಕೊಂಡಳು.

ಆ ಗುಡಿಸಲಿಗೆ ಬಾಗಿಲೇ ಇರಲಿಲ್ಲ.